ಚೀಲಕ್ಕೆ ಹೊಲಿದ ಚೀಟಿ: ಬೀಜದ ಮೇಲೆ ಯಾರಿಗೆ ಯಾವ ಹಕ್ಕು?

ಬಿತ್ತನೆಯ ದಿನ ಬೀಜದ ಚೀಲದ ಬಾಯಿ ಬಿಚ್ಚುವುದನ್ನು ಒಮ್ಮೆ ನೆನಪಿಸಿಕೊಳ್ಳಿ. ಹೊಲಿಗೆಯ ದಾರದ ಒಂದು ತುದಿ ಹಿಡಿದು ಸರ್ರನೆ ಎಳೆದರೆ ದಾರದ ಜೊತೆಗೆ ನೀಲಿಯದೋ ಹಸಿರಿನದೋ ಒಂದು ಚೀಟಿಯೂ ಕಳಚಿ ಬೀಳುತ್ತದೆ. ಕಾಳು ಕೂರಿಗೆಯ ಬಟ್ಟಲಿಗೆ ಹೋಗುತ್ತದೆ, ಖಾಲಿ ಚೀಲ ಮನೆಗೆ ಬರುತ್ತದೆ, ಚೀಟಿ ಬದುವಿನಾಚೆ ಗಾಳಿಗೆ ಹಾರಿಹೋಗುತ್ತದೆ. ರೈತನಿಗೆ ಅದು ಕಸ. ಕಾನೂನಿಗೆ ಮೊದಲು ಕಾಣುವುದು ಆ ಚೀಟಿ, ಕಾಳು ಆಮೇಲಿನದು.

ಇದನ್ನು ಮಾತಿನ ಚಮತ್ಕಾರಕ್ಕೆ ಹೇಳುತ್ತಿಲ್ಲ. ಕಂಪನಿಯೊಂದು ಹಕ್ಕು ಪಡೆದ ತಳಿಯನ್ನು ನೀವು ಬೆಳೆದಿರಿ ಎನ್ನೋಣ. ಅದರ ಕಾಳನ್ನು ಜಗಲಿಯ ಮೇಲೆ ಸೇರಿನಲ್ಲಿ ಅಳೆದು ಪಕ್ಕದ ಊರಿನವರಿಗೆ ಬಿತ್ತನೆಗೆ ಮಾರಿದರೆ ಅದು ನಿಮ್ಮ ಹಕ್ಕು. ಅದೇ ಕಾಳನ್ನು ಪೊಟ್ಟಣಕ್ಕೆ ತುಂಬಿ, ಮೇಲೆ ಆ ತಳಿಯ ಹೆಸರು ಬರೆದು ಮಾರಿದರೆ ಹಕ್ಕಿನ ಉಲ್ಲಂಘನೆ. ಕಾಳೂ ಅದೇ, ಕೊಟ್ಟವರೂ ಕೊಂಡವರೂ ಅವರೇ. ನಡುವೆ ಬಂದದ್ದು ಒಂದು ಚೂರು ಕಾಗದ. ಈ ದೇಶದಲ್ಲಿ ಬೀಜಕ್ಕೆ ಸಂಬಂಧಿಸಿದ ಕಾನೂನು ಒಂದಲ್ಲ, ಕನಿಷ್ಠ ನಾಲ್ಕೈದು ಇವೆ. ಒಂದು ಇನ್ನೊಂದರ ಕಡೆ ತಿರುಗಿಯೂ ನೋಡುವುದಿಲ್ಲ. ಆದ್ದರಿಂದಲೇ ಕೃಷಿ ಇಲಾಖೆಯ ಅಧಿಕಾರಿ, ವಕೀಲ, ಬೀಜದಂಗಡಿಯವನು ಮೂವರೂ ಒಂದೇ ಪ್ರಶ್ನೆಗೆ ಮೂರು ಉತ್ತರ ಕೊಡುತ್ತಾರೆ. ಮೂವರದೂ ಸರಿಯಾಗಿರುವ ಸಾಧ್ಯತೆ ಇದೆ.

ಹಳೆಯದರಿಂದ ಆರಂಭಿಸೋಣ. 1966ರ ಬೀಜ ಕಾಯ್ದೆ ಹಸಿರು ಕ್ರಾಂತಿಯ ಹೊಸ್ತಿಲಲ್ಲಿ ಬಂದದ್ದು. ಹೊಸ ಗೋಧಿ, ಹೊಸ ಭತ್ತದ ಬೀಜ ಮಾರುಕಟ್ಟೆಗೆ ಬರುತ್ತಿದ್ದ ಕಾಲ. ಪಡಿ ಅಕ್ಕಿಗೂ ಪರದಾಡುತ್ತಿದ್ದ ದೇಶಕ್ಕೆ ಜೊಳ್ಳು ಬೀಜದ ಭಯ. ಹಾಗಾಗಿ ಈ ಕಾಯ್ದೆ ಕೇಳುವುದು ಒಂದೇ ಮಾತು: ಚೀಟಿಯಲ್ಲಿ ಬರೆದದ್ದು ಚೀಲದೊಳಗೆ ಇದೆಯೇ? ಸರ್ಕಾರ ಅಧಿಸೂಚನೆ ಹೊರಡಿಸಿದ ತಳಿಯ ಬೀಜ ಮಾರುವವರು ಮೊಳಕೆ ಪ್ರಮಾಣ, ಶುದ್ಧತೆ ಮುಂತಾದವುಗಳನ್ನು ಚೀಟಿಯ ಮೇಲೆ ಬರೆಯಲೇಬೇಕು. ನಿಗದಿಪಡಿಸಿದ ಕನಿಷ್ಠ ಮಟ್ಟಕ್ಕಿಂತ ಅದು ಕೆಳಗಿರಕೂಡದು. ಭತ್ತಕ್ಕೆ 80, ಸೋಯಾ ಮತ್ತು ಶೇಂಗಾಕ್ಕೆ 70, ಹೈಬ್ರಿಡ್ ಮೆಕ್ಕೆಜೋಳಕ್ಕೆ 90. ನೂರು ಕಾಳಿಗೆ ಇಷ್ಟು ಮೊಳೆಯಬೇಕು.

ಚೀಟಿಯ ಬಣ್ಣಕ್ಕೂ ಅರ್ಥವಿದೆ. ಸಂಶೋಧನಾ ಕೇಂದ್ರದಿಂದ ಬರುವ ತಳಿವರ್ಧಕ ಬೀಜಕ್ಕೆ ಹೊನ್ನಿನ ಹಳದಿ, ಅದರಿಂದ ಬೆಳೆದ ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ನೀಲಿ ಚೀಟಿ ಎಂದರೆ ಬೀಜ ಪ್ರಮಾಣನ ಸಂಸ್ಥೆಯವರು ಬೆಳೆ ಹೊಲದಲ್ಲಿದ್ದಾಗಲೇ ಬಂದು ನೋಡಿ, ಆಮೇಲೆ ಪ್ರಯೋಗಾಲಯದಲ್ಲೂ ಪರೀಕ್ಷಿಸಿದ್ದಾರೆ ಎಂದರ್ಥ. ಹಸಿರು ಚೀಟಿಯದು ಬೇರೆ ಕಥೆ. ಅದು ನಿಜಚೀಟಿ ಬೀಜ. ಮೂರನೆಯವರು ಯಾರೂ ಪ್ರಮಾಣೀಕರಿಸಿರುವುದಿಲ್ಲ, ಉತ್ಪಾದಕನೇ ತನ್ನ ಮಾತಿಗೆ ತಾನು ಜಾಮೀನು. ಪ್ರಮಾಣೀಕರಣ ಐಚ್ಛಿಕ, ಚೀಟಿ ಮಾತ್ರ ಕಡ್ಡಾಯ ಎನ್ನುವುದು ಈ ಕಾಯ್ದೆಯ ಮೂಲ ಸ್ವಭಾವ. ಖಾಸಗಿ ಕಂಪನಿಗಳ ಹೈಬ್ರಿಡ್ ಪೊಟ್ಟಣಗಳಲ್ಲಿ ಹೆಚ್ಚಿನವು ಈ ಹಸಿರು ದಾರಿಯಲ್ಲೇ ಬರುತ್ತವೆ.

ತಪ್ಪಿದರೆ ಶಿಕ್ಷೆ ಏನು? ಮೊದಲ ಅಪರಾಧಕ್ಕೆ 500 ರೂಪಾಯಿವರೆಗೆ ದಂಡ. ಎರಡನೆಯ ಸಲ ಸಿಕ್ಕಿಬಿದ್ದರೆ 1,000 ರೂಪಾಯಿವರೆಗೆ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. 1966ರಲ್ಲಿ ಐನೂರು ರೂಪಾಯಿ ಎಂದರೆ ಎತ್ತಿನ ಬೆಲೆಯ ಮಾತು; ಇಂದು ಒಂದು ಪೊಟ್ಟಣ ಹೈಬ್ರಿಡ್ ತರಕಾರಿ ಬೀಜಕ್ಕೂ ಸಾಲದು. ಬೆಳೆ ಹೋದ ರೈತನಿಗೆ ಪರಿಹಾರ ಕೊಡಿಸುವ ಮಾತೇ ಈ ಕಾಯ್ದೆಯಲ್ಲಿ ಇಲ್ಲ. ಮುಂದೆ ಸರ್ಕಾರ 1983ರಲ್ಲಿ ಅಗತ್ಯ ವಸ್ತುಗಳ ಕಾಯ್ದೆಯಡಿ ಬೀಜ ನಿಯಂತ್ರಣ ಆದೇಶ ತಂದು, ಬೀಜ ಮಾರುವವರಿಗೆ ಪರವಾನಗಿ ಕಡ್ಡಾಯ ಮಾಡಿತು. ಮುಂಗಾರಿಗೆ ಮುಂಚೆ ಪತ್ರಿಕೆಗಳಲ್ಲಿ ‘ಬೀಜದಂಗಡಿಗಳ ಮೇಲೆ ದಾಳಿ, ಪರವಾನಗಿ ಅಮಾನತು’ ಎಂಬ ಸುದ್ದಿ ಓದುತ್ತೀರಲ್ಲ, ಅದರ ಹಲ್ಲು ಇರುವುದು ಬಹುಮಟ್ಟಿಗೆ ಈ ಆದೇಶದಲ್ಲಿ.

ಹಾಗಾದರೆ ಮನೆಯ ಬೀಜ ಮಾರುವ ರೈತನೂ ಪರವಾನಗಿ ತೆಗೆದುಕೊಳ್ಳಬೇಕೇ? ಬೀಜ ಕಾಯ್ದೆಯ 24ನೇ ಕಲಂ ಇಲ್ಲಿ ನೆರವಿಗೆ ಬರುತ್ತದೆ. ತಾನೇ ಬೆಳೆದ ಬೀಜವನ್ನು ತನ್ನ ಸ್ಥಳದಲ್ಲೇ, ಬಿತ್ತುವವನ ಕೈಗೆ ನೇರವಾಗಿ ಕೊಟ್ಟರೆ ಅಥವಾ ಮಾರಿದರೆ ಈ ಕಾಯ್ದೆ ಅನ್ವಯಿಸುವುದಿಲ್ಲ. ‘ತನ್ನ ಸ್ಥಳದಲ್ಲೇ’ ಎಂಬ ಮಾತನ್ನು ಗಮನಿಸಿ. ಇದನ್ನು ಅಕ್ಷರಶಃ ಹಿಡಿದು ಕೂತರೆ ಸಂತೆಯ ಕಟ್ಟೆಯೂ ಬೀಜ ಮೇಳದ ಮಳಿಗೆಯೂ ಅದರೊಳಗೆ ಬರುವುದಿಲ್ಲ. ಆದರೆ ಮೇಳಗಳಲ್ಲಿ ಕೈ ಬದಲಾಗುವ ರಾಜಮುಡಿಯಂಥ ನಾಟಿ ಭತ್ತಗಳು, ಹಿತ್ತಲ ಅವರೆ, ಸೋರೆ ಮುಂತಾದವುಗಳಲ್ಲಿ ಬಹುಪಾಲು ಅಧಿಸೂಚಿತ ತಳಿಗಳೇ ಅಲ್ಲ. ಚೀಟಿಯ ನಿಯಮ ಅವುಗಳ ತಂಟೆಗೆ ಹೋಗುವುದಿಲ್ಲ. ನಾಟಿ ಬೀಜದವರು ನೆಮ್ಮದಿಯಾಗಿರುವುದು ಕಾನೂನು ರಕ್ಷಿಸಿದ್ದರಿಂದ ಎನ್ನುವುದಕ್ಕಿಂತ ಕಾನೂನಿನ ಕಣ್ಣಿಗೆ ಬೀಳದ್ದರಿಂದ ಎನ್ನುವುದೇ ಸರಿ.

ಇಲ್ಲಿಯವರೆಗೆ ಮಾತಾಡಿದ್ದು ಗುಣಮಟ್ಟದ ಬಗ್ಗೆ. ಒಡೆತನದ ಪ್ರಶ್ನೆ ಇನ್ನೂ ಬಂದಿಲ್ಲ. ಅದಕ್ಕೆ ಹೋಗುವ ಮೊದಲು ಜೀವಶಾಸ್ತ್ರದ ಒಂದು ಸಂಗತಿ ಬೇಕು. ಇದಿಲ್ಲದೆ ಮುಂದಿನ ಜಗಳವೇ ಅರ್ಥವಾಗುವುದಿಲ್ಲ.

ರಾಗಿ, ಭತ್ತ, ಗೋಧಿಗಳು ತಮ್ಮ ಹೂವಿನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವ ಬೆಳೆಗಳು. ಈ ವರ್ಷದ ಒಳ್ಳೆಯ ತೆನೆ ಆರಿಸಿ ಇಟ್ಟರೆ ಮುಂದಿನ ವರ್ಷವೂ ಬಹುತೇಕ ಅದೇ ಬೆಳೆ ಬರುತ್ತದೆ. ಮಂಡ್ಯದಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟಾಗ ಅವು ಊರಿಂದೂರಿಗೆ ಹಬ್ಬಿದ್ದರಲ್ಲಿ ಅಂಗಡಿಯ ಪಾಲಿನಷ್ಟೇ ನೆಂಟರಿಷ್ಟರ ಪಾಲೂ ಇತ್ತು. ಮಗಳ ಮನೆಗೆ ಹೋದವರು ಬರುವಾಗ ಸೆರಗಿನಲ್ಲಿ ಎರಡು ಹಿಡಿ ಕಟ್ಟಿಕೊಂಡು ಬಂದರೆ ಸಾಕಿತ್ತು. ಹೈಬ್ರಿಡ್‌ನದು ಹಾಗಲ್ಲ. 1970ರ ದಶಕದ ಆರಂಭದಲ್ಲಿ ಧಾರವಾಡದ ವಿಜ್ಞಾನಿ ಬಿ.ಎಚ್. ಕಟರಕಿಯವರು ವರಲಕ್ಷ್ಮಿ ಹತ್ತಿಯನ್ನು ಹೊರತಂದರು. ಎರಡು ಬೇರೆ ಪ್ರಭೇದದ ಹತ್ತಿಗಳ ಸಂಕರ ಅದು. ಇಂಥ ಸಂಕರದ ಮೊದಲ ಪೀಳಿಗೆ ಸೊಂಪಾಗಿ ಬರುತ್ತದೆ. ಅದರ ಬೀಜ ಎತ್ತಿಟ್ಟು ಬಿತ್ತಿದರೆ ಗುಣಗಳು ಒಡೆದು, ಒಂದು ಗಿಡ ಅಜ್ಜನಂತೆ, ಇನ್ನೊಂದು ಅಜ್ಜಿಯಂತೆ, ಮತ್ತೊಂದು ಯಾರಂತೆಯೂ ಅಲ್ಲದಂತೆ ಬರುತ್ತದೆ. ವರ್ಷ ವರ್ಷ ಅಂಗಡಿಗೆ ಹೋಗಲೇಬೇಕು. ಹೈಬ್ರಿಡ್ ಮಾರುವ ಕಂಪನಿಗೆ ಪ್ರಕೃತಿಯೇ ಬೀಗ ಹಾಕಿಕೊಟ್ಟಿದೆ. ವಕೀಲರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಕಾನೂನಿನ ಬೀಗ ಬೇಕಾಗುವುದು ಉಳಿಸಿ ಬಿತ್ತಬಹುದಾದ ಬೆಳೆಗಳಿಗೆ. ಆಲೂಗಡ್ಡೆಯನ್ನು ಅದಕ್ಕೇ ನೆನಪಿಟ್ಟುಕೊಳ್ಳಿ. ಅದರ ಗೆಡ್ಡೆಯೇ ಬೀಜ. ಕಣ್ಣಿರುವ ಚೂರು ನೆಟ್ಟರೆ ತಾಯಿಯ ಪಡಿಯಚ್ಚೇ ಬರುತ್ತದೆ.

ಬೀಜದ ಒಡೆತನದ ಮಾತು ಕರ್ನಾಟಕಕ್ಕೆ ಹೊಸದಲ್ಲ. 1991ರ ಕೊನೆಗೆ ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಕರಡು ಹೊರಬಿದ್ದಾಗ, ಬೀಜಕ್ಕೂ ಪೇಟೆಂಟ್ ಬರುತ್ತದೆ ಎಂಬ ಆತಂಕವನ್ನು ಮೊದಲು ಬೀದಿಗೆ ತಂದವರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರಾಜ್ಯ ರೈತ ಸಂಘ ಪ್ರಮುಖವಾದದ್ದು. 1992ರ ಡಿಸೆಂಬರ್‌ನಲ್ಲಿ ಬಹುರಾಷ್ಟ್ರೀಯ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿಯ ಬೀಜ ಘಟಕವನ್ನು ಕೆಡವಿದರು. ಆ ದಾರಿ ಸರಿಯೇ ಎಂಬ ಚರ್ಚೆ ಬೇರೆ. ಆ ಸಿಟ್ಟು ದೆಹಲಿಯವರೆಗೆ ಕೇಳಿಸಿತ್ತು ಎನ್ನುವುದಕ್ಕೆ ಮುಂದೆ ಬಂದ ಕಾಯ್ದೆಯ ಹೆಸರಿನಲ್ಲೇ ಗುರುತಿದೆ.

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ಅದರ ಬೌದ್ಧಿಕ ಆಸ್ತಿಯ ಒಪ್ಪಂದ ಸದಸ್ಯ ದೇಶಗಳಿಗೆ ಆಯ್ಕೆಯೊಂದನ್ನು ಕೊಟ್ಟಿತ್ತು: ಸಸ್ಯ ತಳಿಗಳಿಗೆ ಪೇಟೆಂಟ್ ಕೊಡಿ, ಇಲ್ಲವೇ ನಿಮ್ಮದೇ ಆದ ಪರಿಣಾಮಕಾರಿ ಪದ್ಧತಿ ಮಾಡಿಕೊಳ್ಳಿ, ಬೇಕಾದರೆ ಎರಡನ್ನೂ ಮಾಡಿ. ಹಲವು ದೇಶಗಳು ‘ಯುಪೋವ್’ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಸಿದ್ಧ ಅಂಗಿಯನ್ನೇ ತೊಟ್ಟುಕೊಂಡವು. 1991ರ ಪರಿಷ್ಕರಣೆಯ ನಂತರ ಅದರಲ್ಲಿ ಬೀಜ ಉಳಿಸಿ ಬಿತ್ತುವುದು ರೈತನ ಹಕ್ಕಾಗಿ ಉಳಿದಿಲ್ಲ. ಆಯಾ ಸರ್ಕಾರ ಮಿತಿಯೊಳಗೆ ಕೊಡಬಹುದಾದ ವಿನಾಯಿತಿಯಾಗಿದೆ. ಭಾರತ ಆ ಅಂಗಿ ತೊಡಲಿಲ್ಲ. ತನ್ನ ಅಳತೆಗೆ ಒಂದನ್ನು ಹೊಲಿಸಿಕೊಂಡಿತು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001. ತಳಿ ಸೃಷ್ಟಿಸಿದವನ ಹಕ್ಕನ್ನೂ ರೈತನ ಹಕ್ಕನ್ನೂ ಒಂದೇ ಹಗ್ಗದಲ್ಲಿ ಹೊಸೆದ ಕಾಯ್ದೆ ಇದು.

ತಳಿಗಾರನಿಗೆ ಸಿಗುವುದು ಏನು? ತನ್ನ ತಳಿ ಬೇರೆಯವುಗಳಿಗಿಂತ ಭಿನ್ನವಾಗಿದೆ, ಗಿಡ ಗಿಡಕ್ಕೂ ಏಕರೂಪವಾಗಿದೆ, ಪೀಳಿಗೆಯಿಂದ ಪೀಳಿಗೆಗೆ ಸ್ಥಿರವಾಗಿದೆ ಎಂದು ತೋರಿಸಿ ನೋಂದಾಯಿಸಿದರೆ, ಅದನ್ನು ಉತ್ಪಾದಿಸುವ, ಮಾರುವ, ಹಂಚುವ ಏಕಸ್ವಾಮ್ಯ. ಸಾಮಾನ್ಯ ಬೆಳೆಗಳಿಗೆ 15 ವರ್ಷ, ಮರ ಮತ್ತು ಬಳ್ಳಿಗಳಿಗೆ 18 ವರ್ಷ. ರೈತನೂ ತಾನು ರೂಪಿಸಿದ ಅಥವಾ ತಲೆಮಾರುಗಳಿಂದ ಕಾಪಾಡಿದ ತಳಿಯನ್ನು ಶುಲ್ಕವಿಲ್ಲದೆ ನೋಂದಾಯಿಸಬಹುದು. ಮಂಡ್ಯ ಜಿಲ್ಲೆಯ ಕಿರುಗಾವಲಿನ ಸೈಯದ್ ಘನಿ ಖಾನ್ ಅವರಂತೆ ನೂರಾರು ಭತ್ತದ ತಳಿಗಳನ್ನು ತಮ್ಮ ಗದ್ದೆಯಲ್ಲೇ ಉಳಿಸಿಕೊಂಡು ಬಂದವರಿಗೆ ಪ್ರಶಸ್ತಿ, ಧನಸಹಾಯ ಕೊಡಲು ರಾಷ್ಟ್ರೀಯ ವಂಶವಾಹಿ ನಿಧಿಯ ವ್ಯವಸ್ಥೆಯೂ ಇದೇ ಕಾಯ್ದೆಯಲ್ಲಿದೆ.

ಕಾಯ್ದೆಯ ಜೀವ ಇರುವುದು 39ನೇ ಕಲಂನಲ್ಲಿ. ಈ ಕಾಯ್ದೆಯಲ್ಲಿ ಬೇರೆಡೆ ಏನೇ ಹೇಳಿದ್ದರೂ, ರೈತನು ಸಂರಕ್ಷಿತ ತಳಿಯ ಬೀಜವೂ ಸೇರಿದಂತೆ ತನ್ನ ಹೊಲದ ಉತ್ಪನ್ನವನ್ನು ಉಳಿಸಿಕೊಳ್ಳಬಹುದು, ಬಳಸಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಬಹುದು. ಈ ಕಾಯ್ದೆ ಬರುವ ಮೊದಲು ಹೇಗೆ ಮಾಡುತ್ತಿದ್ದನೋ ಹಾಗೆಯೇ. ಕೊನೆಯಲ್ಲಿ ಒಂದು ಷರತ್ತು: ‘ಬ್ರ್ಯಾಂಡ್ ಬೀಜ’ ಮಾರುವಂತಿಲ್ಲ. ಬ್ರ್ಯಾಂಡ್ ಬೀಜ ಎಂದರೇನು ಎಂಬ ವಿವರಣೆಯೂ ಅಲ್ಲೇ ಇದೆ. ಪೊಟ್ಟಣದಲ್ಲೋ ಬೇರೆ ಯಾವುದಾದರೂ ಧಾರಕದಲ್ಲೋ ತುಂಬಿ, ಇದು ಸಂರಕ್ಷಿತ ತಳಿಯದು ಎಂದು ತಿಳಿಯುವಂತೆ ಚೀಟಿ ಹಚ್ಚಿದ ಬೀಜ. ಆರಂಭದಲ್ಲಿ ಹೇಳಿದ ಕಾಗದದ ಚೂರು ಇದೇ.

ಇನ್ನೂ ಒಂದು ರಕ್ಷಣೆ 42ನೇ ಕಲಂನಲ್ಲಿದೆ. ತಳಿಯ ಮೇಲೆ ಇನ್ನೊಬ್ಬರ ಹಕ್ಕಿದೆ ಎಂದು ಗೊತ್ತಿಲ್ಲದೆ ರೈತ ಮಾಡಿದ್ದನ್ನು ಉಲ್ಲಂಘನೆ ಎಂದು ಪರಿಗಣಿಸುವುದಿಲ್ಲ. ಕಾಗದದ ಮೇಲೆ ಇದಕ್ಕಿಂತ ಉದಾರವಾದ ಕಾನೂನು ಸಿಗುವುದು ಕಷ್ಟ. ಕಾಗದದಿಂದಾಚೆ ಅದು ಎಷ್ಟು ಗಟ್ಟಿ ಎಂಬುದು ಗುಜರಾತಿನಲ್ಲಿ ಪರೀಕ್ಷೆಗೆ ಬಿತ್ತು.

ಚಿಪ್ಸ್‌ಗೆ ಬೇಕಾದ ಆಲೂಗಡ್ಡೆ ಪಲ್ಯದ ಆಲೂಗಡ್ಡೆಯಲ್ಲ. ನೀರಿನಂಶ ಕಡಿಮೆ ಇರಬೇಕು, ಎಣ್ಣೆಗೆ ಬಿದ್ದರೆ ಕಪ್ಪಾಗಬಾರದು. ಅಂಥ ‘ಎಫ್‌ಎಲ್ 2027’ ಎಂಬ ತಳಿಯನ್ನು ಪೆಪ್ಸಿಕೋ ಕಂಪನಿ ಒಪ್ಪಂದದ ರೈತರಿಂದ ಬೆಳೆಸುತ್ತಿತ್ತು. ಎಫ್‌ಸಿ5 ಎಂಬುದು ಅದರ ವ್ಯಾಪಾರದ ಹೆಸರು. 2016ರಲ್ಲಿ ಈ ಕಾಯ್ದೆಯಡಿ ನೋಂದಣಿಯೂ ಆಯಿತು. ಆದರೆ ಗೆಡ್ಡೆಯೇ ಬೀಜವಾಗಿರುವಾಗ ಅದು ಒಪ್ಪಂದದ ಬೇಲಿಯೊಳಗೆ ಎಷ್ಟು ದಿನ ಇದ್ದೀತು? ಒಪ್ಪಂದವಿಲ್ಲದ ರೈತರ ಹೊಲಗಳಲ್ಲೂ ಕಾಣಿಸಿಕೊಂಡಿತು. 2019ರ ಏಪ್ರಿಲ್‌ನಲ್ಲಿ ಸಾಬರಕಾಂಠಾ ಜಿಲ್ಲೆಯ ನಾಲ್ವರು ರೈತರ ಮೇಲೆ ಕಂಪನಿ ಅಹಮದಾಬಾದಿನ ನ್ಯಾಯಾಲಯದಲ್ಲಿ ದಾವೆ ಹೂಡಿ, ಒಬ್ಬೊಬ್ಬರಿಂದ ಒಂದು ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೇಳಿರುವ ಸುದ್ದಿ ದೇಶಕ್ಕೆಲ್ಲ ಹಬ್ಬಿತು. ನಾಲ್ಕೈದು ಎಕರೆಯ ರೈತನಿಗೆ ಕೋಟಿಯ ನೋಟಿಸ್.

ಕಂಪನಿಯ ವಾದ ಸರಳ: ನೋಂದಾಯಿತ ತಳಿಯನ್ನು ನಮ್ಮ ಅನುಮತಿ ಇಲ್ಲದೆ ಬೆಳೆಯುವುದು, ಮಾರುವುದು 64ನೇ ಕಲಂ ಪ್ರಕಾರ ಉಲ್ಲಂಘನೆ. ರೈತರ ಪರ ನಿಂತವರು 39ನೇ ಕಲಂ ತೋರಿಸಿದರು. ಇವರು ಆಲೂಗಡ್ಡೆ ಬೆಳೆದದ್ದು ನಿಜ, ಆದರೆ ಚೀಟಿ ಹಚ್ಚಿ ಬೀಜ ಮಾರಿಲ್ಲವಲ್ಲ? ರಾಜಿಗೆ ಕಂಪನಿ ಒಂದು ದಾರಿ ತೋರಿಸಿತು: ನಮ್ಮ ಒಪ್ಪಂದಕ್ಕೆ ಸೇರಿಕೊಳ್ಳಿ, ಇಲ್ಲವೇ ಈ ತಳಿ ಬೆಳೆಯುವುದನ್ನು ಬಿಡಿ. ದೇಶದಾದ್ಯಂತ ಪ್ರತಿಭಟನೆ ಎದ್ದು, ಲೇಸ್ ಚಿಪ್ಸ್ ಬಹಿಷ್ಕರಿಸುವ ಕರೆಗಳೂ ಬಂದು, 2019ರ ಮೇ ತಿಂಗಳಲ್ಲಿ ಕಂಪನಿ ದಾವೆಗಳನ್ನು ಹಿಂದಕ್ಕೆ ಪಡೆಯಿತು. ಜನರ ಮಟ್ಟಿಗೆ ಅದು ಗೆಲುವು. ಕಾನೂನಿನ ಮಟ್ಟಿಗೆ ನಷ್ಟವೂ ಹೌದು ಎನ್ನುವುದು ನನ್ನ ಅಭಿಪ್ರಾಯ. 39 ದೊಡ್ಡದೋ 64 ದೊಡ್ಡದೋ ಎಂದು ಆ ನ್ಯಾಯಾಲಯ ತೀರ್ಪು ಕೊಡುವ ಮೊದಲೇ ಪ್ರಶ್ನೆ ಬಾಗಿಲಿಂದ ಹೊರಗೆ ನಡೆದಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ರೈತಪರ ಹೋರಾಟಗಾರ್ತಿ ಕವಿತಾ ಕುರುಗಂಟಿ ಅವರು ನೋಂದಣಿಯನ್ನೇ ರದ್ದುಮಾಡಿ ಎಂದು ಸಸ್ಯ ತಳಿಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಿದರು. 2021ರ ಡಿಸೆಂಬರ್‌ನಲ್ಲಿ ಪ್ರಾಧಿಕಾರ ರದ್ದುಮಾಡಿತು. ಕಾರಣಗಳಲ್ಲಿ ಮುಖ್ಯವಾದವು ಕಾಗದಪತ್ರದವು: ತಳಿ ಮೊದಲು ಮಾರಾಟವಾದ ದಿನಾಂಕ ತಪ್ಪು, ತಳಿಗಾರನಿಂದ ಹಕ್ಕು ವರ್ಗಾವಣೆಯಾದ ದಾಖಲೆ ಸರಿಯಿಲ್ಲ. ಜೊತೆಗೆ ಸಾರ್ವಜನಿಕ ಹಿತದ ಮಾತೂ ಇತ್ತು. 2023ರ ಜುಲೈನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಕಂಪನಿಯ ಮೇಲ್ಮನವಿಯನ್ನು ತಳ್ಳಿಹಾಕಿತು. 2024ರ ಜನವರಿಯಲ್ಲಿ ದ್ವಿಸದಸ್ಯ ಪೀಠ ಅದನ್ನು ತಿರುಗಿಸಿ, ಅಷ್ಟಕ್ಕೆ ನೋಂದಣಿ ರದ್ದುಮಾಡಲಾಗದು ಎಂದು ಕಂಪನಿಯ ಪರ ನಿಂತಿತು. ‘ಕಂಪನಿ ಗೆದ್ದಿತು, ಇನ್ನು ರೈತ ಬೀಜ ಉಳಿಸುವಂತಿಲ್ಲ’ ಎಂದು ಆಗ ಕೆಲವರು ಬರೆದರು. ಅದು ತಪ್ಪು ಓದು. ಪ್ರಶ್ನೆ ಇದ್ದದ್ದು ನೋಂದಣಿ ಊರ್ಜಿತವೇ ಎಂದು. ನೋಂದಣಿ ಊರ್ಜಿತವಾದರೂ 39ನೇ ಕಲಂ ಇದ್ದಲ್ಲೇ ಇದೆ.

ಹಾಸನದ ಆಲೂಗಡ್ಡೆ ಬೆಳೆಗಾರರು ಇದನ್ನು ಕೇಳಿ ನಕ್ಕಾರು. ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರುವ ಬಿತ್ತನೆ ಗೆಡ್ಡೆ ಅಂಗಮಾರಿಗೆ ತಾಳುತ್ತದೆಯೇ ಎಂಬುದೇ ಅವರ ಚಿಂತೆ. ಅದರ ಹಕ್ಕು ಯಾರದು ಎಂಬುದು ನಂತರದ್ದು.

ಪೇಟೆಂಟಿನ ಕಥೆಯನ್ನು ಬೇಗ ಮುಗಿಸುತ್ತೇನೆ. ನಮ್ಮ ಪೇಟೆಂಟ್ ಕಾಯ್ದೆಯ 3(ಜೆ) ಕಲಂ ಪ್ರಕಾರ ಸಸ್ಯ, ಬೀಜ, ತಳಿಗಳಿಗೆ ಪೇಟೆಂಟ್ ಇಲ್ಲ. ಆದರೆ ಹುಳು ತಡೆಯುವ ಬಿಟಿ ಹತ್ತಿಯಲ್ಲಿ ಮಾನ್ಸಾಂಟೋ ಕಂಪನಿ ಪೇಟೆಂಟ್ ಪಡೆದದ್ದು ಗಿಡಕ್ಕಲ್ಲ, ಗಿಡದೊಳಗೆ ಸೇರಿಸಿದ ವಂಶವಾಹಿಯ ರಚನೆಗೆ. ಗಿಡದೊಳಗೆ ಹೊಕ್ಕು ಬೀಜದ ಮೂಲಕ ಹರಡುವ ವಸ್ತು ಗಿಡದ ಭಾಗವೋ ಬೇರೆಯೋ? 2018ರಲ್ಲಿ ದೆಹಲಿ ಹೈಕೋರ್ಟ್ ಪೇಟೆಂಟ್ ನಿಲ್ಲದು ಎಂದಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗಿರಿಸಿ, ಸಾಕ್ಷ್ಯ ನೋಡಿ ವಿಚಾರಣೆ ನಡೆಸಿ ಎಂದು ಮರಳಿ ಕಳಿಸಿತು. 2021ರಲ್ಲಿ ಕಕ್ಷಿದಾರರು ರಾಜಿಯಾದರು. ಇಲ್ಲೂ ಉತ್ತರ ಬರುವ ಮೊದಲೇ ಪ್ರಶ್ನೆ ಮನೆಗೆ ಹೋಯಿತು.

ಬಿಟಿಯ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ‘ಬೀಜ ಉಳಿಸಿ ಹಂಚುವ ಹಕ್ಕು ನಮಗಿದೆಯಲ್ಲ, ಕಳೆನಾಶಕ ತಡೆಯುವ ಹತ್ತಿ ಬೀಜವನ್ನೂ ಹಂಚಿಕೊಳ್ಳಬಹುದೇ?’ ಇಲ್ಲ. ಆ ಹತ್ತಿಗೆ ಬಿತ್ತನೆಯ ಅನುಮೋದನೆಯೇ ಸಿಕ್ಕಿಲ್ಲ. ಅದನ್ನು ತಡೆಯುವುದು ಪರಿಸರ ಸಂರಕ್ಷಣಾ ಕಾಯ್ದೆ ಮತ್ತು ಅದರಡಿಯ 1989ರ ನಿಯಮಗಳು. 39ನೇ ಕಲಂ ಅವುಗಳ ಎದುರು ಕೊಡೆ ಹಿಡಿಯುವುದಿಲ್ಲ. 2019ರ ಜೂನ್‌ನಲ್ಲಿ ಮಹಾರಾಷ್ಟ್ರದ ಅಕೋಲಾ ಜಿಲ್ಲೆಯಲ್ಲಿ ಅಲ್ಲಿನ ರೈತ ಸಂಘವಾದ ಶೇತ್ಕರಿ ಸಂಘಟನೆಯವರು ಬಹಿರಂಗವಾಗಿ ಆ ಬೀಜ ಬಿತ್ತಿ, ತಂತ್ರಜ್ಞಾನದ ಸ್ವಾತಂತ್ರ್ಯವೂ ರೈತನ ಹಕ್ಕೇ ಎಂದರು. ನಂಜುಂಡಸ್ವಾಮಿಯವರ ಸಂಘ 1998ರಲ್ಲಿ ರಾಯಚೂರು ಜಿಲ್ಲೆಯ ಪ್ರಯೋಗದ ಹತ್ತಿಗೆ ಬೆಂಕಿ ಇಟ್ಟದ್ದನ್ನು ಕಂಡವರಿಗೆ ಇದು ವಿಚಿತ್ರ ಎನ್ನಿಸೀತು. ಎರಡೂ ರೈತರ ಹೆಸರಿನಲ್ಲೇ ನಡೆದವು.

ಈವರೆಗೆ ಹೇಳಿದ್ದೆಲ್ಲ ಹೊಸ ತಳಿಯ ಕಥೆ. ಹಳೆಯ ತಳಿಗೆ ಯಾರು ದಿಕ್ಕು? ಅದಕ್ಕಿರುವುದು 2002ರ ಜೀವವೈವಿಧ್ಯ ಕಾಯ್ದೆ. ಇದರ ಪರೀಕ್ಷೆ ಆದದ್ದು ನಮ್ಮಲ್ಲೇ, ಬದನೆಕಾಯಿಯ ಹೆಸರಿನಲ್ಲಿ. ಮಹಿಕೋ ಕಂಪನಿಯ ಬಿಟಿ ವಂಶವಾಹಿಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಆರು ಸ್ಥಳೀಯ ಬದನೆಗಳಿಗೆ ಸೇರಿಸಿತ್ತು. ಅವುಗಳಲ್ಲಿ ಮಾಲಾಪುರ, ಕುಡಚಿ, ರಬಕವಿ, ಉಡುಪಿ ಹೆಸರಿನ ತಳಿಗಳಿದ್ದವು. ಹೈಬ್ರಿಡ್ ಅಲ್ಲದ್ದರಿಂದ ರೈತರು ಬೀಜ ಉಳಿಸಿಕೊಳ್ಳಬಹುದು ಎನ್ನುವುದು ಈ ಯೋಜನೆಯ ಆಕರ್ಷಣೆಯಾಗಿತ್ತು. ಆದರೆ ವಿದೇಶಿ ಪಾಲಿರುವ ಕಂಪನಿ ಈ ನೆಲದ ಜೈವಿಕ ಸಂಪನ್ಮೂಲ ಬಳಸಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕೆಂದು ಕಾಯ್ದೆ ಹೇಳುತ್ತಿತ್ತು. ಅದನ್ನು ಪಡೆದಿಲ್ಲ ಎಂದು ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ದೂರು ಕೊಟ್ಟಿತು. ಮರುವರ್ಷ ಪ್ರಾಧಿಕಾರ ಕಾನೂನು ಕ್ರಮಕ್ಕೆ ತೀರ್ಮಾನಿಸಿತು. ಬಿಟಿ ಬದನೆಗೆ 2010ರ ಫೆಬ್ರುವರಿ 9ರಂದು ಅಂದಿನ ಪರಿಸರ ಸಚಿವ ಜೈರಾಂ ರಮೇಶ್ ತಡೆ ಹಾಕಿದ್ದು ಎಲ್ಲರಿಗೂ ನೆನಪಿದೆ. ಅನುಮತಿ ಕೇಳದೆ ತಳಿ ತೆಗೆದುಕೊಂಡರೆಂಬ ಈ ಆರೋಪ ಅಷ್ಟಾಗಿ ನೆನಪಿಲ್ಲ. ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ, ಉಲ್ಲಂಘನೆಗಿದ್ದ ಜೈಲು ಶಿಕ್ಷೆ ಹೋಗಿ ದಂಡ ಮಾತ್ರ ಉಳಿದಿದೆ.

ನಾಟಿ ತಳಿಗೆ ಚೀಟಿ ಇರುವುದಿಲ್ಲ. ಅದರ ಬದಲು ಇರುವುದು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಬರೆದಿಡಬೇಕಾದ ಜನತಾ ಜೀವವೈವಿಧ್ಯ ದಾಖಲಾತಿ. ನಿಮ್ಮ ಊರಿನ ಬದನೆ ನಿಮ್ಮ ಊರಿನದೇ ಎಂಬುದಕ್ಕೆ ಅದು ಪುರಾವೆ. ಒಮ್ಮೆ ನಿಮ್ಮ ಪಂಚಾಯಿತಿಯಲ್ಲಿ ಆ ಪುಸ್ತಕ ಕೇಳಿ ನೋಡಿ; ಯಾರೋ ಹೊರಗಿನವರು ಒಂದೇ ವಾರದಲ್ಲಿ ಬರೆದುಕೊಟ್ಟದ್ದು ಎಂಬ ಅನುಮಾನ ಬಂದರೆ ಆಶ್ಚರ್ಯವಿಲ್ಲ.

ಇನ್ನು ರೈತನಿಗೆ ನಿಜವಾಗಿ ಬೇಕಾದ ಪ್ರಶ್ನೆ: ಬಿತ್ತಿದ ಬೀಜ ಹುಟ್ಟದಿದ್ದರೆ?

ನಮ್ಮ ಸೋದರಮಾವ ಒಂದು ವರ್ಷ ಮೂರು ಎಕರೆಗೆ ಸೋಯಾ ಬಿತ್ತಿದರು. ಹದವಾದ ಮಳೆ, ಸರಿಯಾದ ಆಳ. ಎಂಟನೆಯ ದಿನಕ್ಕೆ ಹೊಲ ಬಾಚಣಿಗೆಯ ಹಲ್ಲು ಮುರಿದಂತೆ ಅಲ್ಲೊಂದು ಇಲ್ಲೊಂದು ಸಾಲು. ಅಂಗಡಿಯವನು ‘ಆಳಕ್ಕೆ ಬಿತ್ತಿದ್ದೀರಿ’ ಎಂದ. ಕಂಪನಿಯವನು ‘ಚೀಟಿ ಕೊಡಿ, ಲಾಟ್ ಸಂಖ್ಯೆ ನೋಡಬೇಕು’ ಎಂದ. ಚೀಟಿ ಎಲ್ಲಿದೆ? ಬಿಲ್ ಕೇಳಿದರೆ ‘ಪರಿಚಯದವರಲ್ಲವೇ ಮಾವ, ಬಿಲ್ ಯಾಕೆ’ ಎಂದು ಅಂಗಡಿಯವನು ಕೊಟ್ಟಿರಲೇ ಇಲ್ಲ. ಮರುಬಿತ್ತನೆಗೆ ಮತ್ತೆ ಅದೇ ಅಂಗಡಿಯಲ್ಲಿ ಸಾಲ ಹೇಳಿ ತಂದರು.

ಕಾನೂನು ಅವರ ಕೈ ಬಿಟ್ಟಿರಲಿಲ್ಲ. ಕಾನೂನು ಹಿಡಿಯಲು ಅವರ ಕೈಯಲ್ಲಿ ಏನೂ ಇರಲಿಲ್ಲ. ದಾರಿಗಳು ಎರಡು. ಒಂದು, 2001ರ ಕಾಯ್ದೆಯದೇ 39(2): ತಳಿಗಾರ ತನ್ನ ತಳಿಯಿಂದ ನಿರೀಕ್ಷಿಸಬಹುದಾದ ಫಲಿತಾಂಶವನ್ನು ರೈತನಿಗೆ ತಿಳಿಸಬೇಕು, ಅದು ಸುಳ್ಳಾದರೆ ಸಸ್ಯ ತಳಿಗಳ ಪ್ರಾಧಿಕಾರದ ಮುಂದೆ ಪರಿಹಾರ ಕೇಳಬಹುದು. ಕೇಳಲು ಚೆನ್ನಾಗಿದೆ, ಆದರೆ ಇದು ಆ ಕಾಯ್ದೆಯಡಿ ನೋಂದಣಿಯಾದ ತಳಿಗೆ ಮಾತ್ರ, ಪ್ರಾಧಿಕಾರ ಇರುವುದು ದೆಹಲಿಯಲ್ಲಿ. ಎರಡನೆಯದು ಹತ್ತಿರದ ದಾರಿ, ಜಿಲ್ಲಾ ಗ್ರಾಹಕರ ಆಯೋಗ.

ಇದನ್ನು ಗಟ್ಟಿ ಮಾಡಿದ್ದು 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಆಂಧ್ರ ಪ್ರದೇಶದ ರೈತರ ವಿರುದ್ಧ ರಾಷ್ಟ್ರೀಯ ಬೀಜ ನಿಗಮವೇ ಮೇಲ್ಮನವಿ ಹೋಗಿತ್ತು. ಸರ್ಕಾರದ್ದೇ ಸಂಸ್ಥೆ ಎಂಬುದನ್ನು ಗಮನಿಸಿ. ಬೀಜ ಕಾಯ್ದೆ ಇರುವಾಗ ಗ್ರಾಹಕ ನ್ಯಾಯಾಲಯಕ್ಕೆ ಏನು ಕೆಲಸ, ಬೆಳೆದು ಮಾರುವವನು ಗ್ರಾಹಕ ಹೇಗಾಗುತ್ತಾನೆ, ಬೀಜದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿಯೇ ಇಲ್ಲವಲ್ಲ ಎಂಬುದು ನಿಗಮದ ವಾದ. ನ್ಯಾಯಾಲಯ ಮೂರನ್ನೂ ಒಪ್ಪಲಿಲ್ಲ. ಮೂರನೆಯದಕ್ಕೆ ಕೊಟ್ಟ ಉತ್ತರ ಹೊಲ ಬಲ್ಲವರ ಉತ್ತರದಂತಿದೆ: ಕೊಂಡ ಬೀಜವನ್ನೆಲ್ಲ ಬಿತ್ತುವ ರೈತ ಮುಂದೊಂದು ದಿನ ಮೊಕದ್ದಮೆ ಬರಬಹುದೆಂದು ಒಂದಿಷ್ಟು ತೆಗೆದಿಡುತ್ತಾನೆ ಎಂದು ನಿರೀಕ್ಷಿಸಲಾಗದು, ಮಾದರಿ ಮಾರಿದವರ ಬಳಿ ಇರುತ್ತದೆ, ಅವರೇ ಪರೀಕ್ಷೆಗೆ ಕೊಡಬಹುದಿತ್ತು.

ಹಾಗೆಂದು ಬೆಳೆ ಹೋದರೆ ಸಾಕು, ಪರಿಹಾರ ಬಂತು ಎಂದೇನೂ ಇಲ್ಲ. ಬೆಳೆ ಕೆಡಲು ಬೀಜವೊಂದೇ ಕಾರಣವಾಗಿರಬೇಕಿಲ್ಲ ಎಂದು ಅದೇ ಸುಪ್ರೀಂ ಕೋರ್ಟ್ 2005ರ ಹರಿಯಾಣದ ಪ್ರಕರಣದಲ್ಲಿ ಹೇಳಿತ್ತು. ಪರಿಶೀಲಿಸಿದವರ ವರದಿ ಬೀಜದ ದೋಷವನ್ನು ಸ್ಪಷ್ಟವಾಗಿ ಹೇಳಬೇಕು. ಆದ್ದರಿಂದ ಎಲ್ಲ ನಿಂತಿರುವುದು ಸ್ಥಳ ಪರಿಶೀಲನೆಯ ಮೇಲೆ. ಮೊಳಕೆ ಬರಲಿಲ್ಲ ಎಂದು ಕಂಡ ದಿನವೇ ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಅಧಿಕಾರಿಗಳು ಹೊಲಕ್ಕೆ ಬಂದು ನೋಡಿ ವರದಿ ಬರೆಯುವವರೆಗೆ ಹರಗಿ ಮರುಬಿತ್ತನೆ ಮಾಡಬಾರದು. ಮಾಡಿದರೆ ಸಾಕ್ಷಿಯನ್ನೇ ನೆಲದಲ್ಲಿ ಹೂತಂತೆ. ಹದ ಆರುತ್ತಿರುವಾಗ ಕಾಯುವುದು ಹೇಳಿದಷ್ಟು ಸುಲಭವಲ್ಲ ಎಂದು ಗೊತ್ತು. ಕಾಯಲಾಗದಿದ್ದರೆ ಒಂದು ಪಟ್ಟಿಯನ್ನಾದರೂ ಹಾಗೇ ಬಿಡಬೇಕು. ಪಕ್ಕದ ಹೊಲದಲ್ಲಿ ಬೇರೆ ಲಾಟ್‌ನ ಬೀಜ ಚೆನ್ನಾಗಿ ಹುಟ್ಟಿದ್ದರೆ ಅದರ ಫೋಟೊ ಕೂಡ ‘ಮಳೆಯ ದೋಷ’ ಎಂಬ ವಾದಕ್ಕೆ ಒಳ್ಳೆಯ ಉತ್ತರ.

ಬಿತ್ತುವ ಮುಂಚಿನ ಕೆಲಸ ಇನ್ನೂ ಅಗ್ಗ. ಬಿಲ್ಲಿನಲ್ಲಿ ತಳಿಯ ಹೆಸರು, ಲಾಟ್ ಸಂಖ್ಯೆ ಬರೆಸಿಕೊಳ್ಳಿ. ಚೀಲದ ದಾರ ಎಳೆಯುವ ಮೊದಲು ಚೀಟಿಯ ಎರಡೂ ಬದಿಯ ಫೋಟೊ ಮೊಬೈಲಿನಲ್ಲಿ ತೆಗೆಯಿರಿ, ಮೂಲವನ್ನು ಪಹಣಿಯ ಜೊತೆ ಇಡಿ. ನೂರು ಕಾಳು ಎಣಿಸಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟರೆ ನಾಲ್ಕೈದು ದಿನದಲ್ಲಿ ಸೋಯಾದ ಹಣೆಬರಹ ಗೊತ್ತಾಗುತ್ತದೆ.

ಈಗಿನ ನಿಯಮದಂತೆ 50 ಲಕ್ಷ ರೂಪಾಯಿ ಬೆಲೆಯವರೆಗಿನ ವ್ಯವಹಾರದ ದೂರುಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ಬೀಜದ ಬೆಲೆ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ನಂತರ ಕಂಪನಿ ಹೈದರಾಬಾದಿನದಾಗಲಿ ಜಾಲ್ನಾದ್ದಾಗಲಿ, ರೈತ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರೇ ಬೇಕೆಂದಿಲ್ಲ.

ಬೀಜ ಕಾಯ್ದೆಯನ್ನು ಬದಲಿಸುವ ಮಾತು 2004ರಿಂದಲೂ ಇದೆ. ಆ ವರ್ಷ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ ಕಾಯ್ದೆಯಾಗಲಿಲ್ಲ, 2019ರ ಕರಡು ಮುಂದೆ ಹೋಗಲಿಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಮತ್ತೊಂದು ಕರಡು ಪ್ರಕಟಿಸಿತು. ಅದರಲ್ಲಿ ಐನೂರು ರೂಪಾಯಿಯ ದಂಡ ಲಕ್ಷಗಳಿಗೆ ಏರಿದೆ, ಚೀಲದ ಮೇಲೆ ಕ್ಯೂಆರ್ ಕೋಡ್ ಬರಬೇಕೆಂದಿದೆ, ಬ್ರ್ಯಾಂಡ್ ಹೆಸರಿಲ್ಲದೆ ಬೀಜ ಉಳಿಸಿ ಮಾರುವ ರೈತನ ಹಕ್ಕನ್ನು ಉಳಿಸಿಕೊಂಡಿದೆ. ಕೋಡ್ ಬಂದರೂ ಅದನ್ನು ಅಂಟಿಸುವುದು ಅದೇ ಚೀಲಕ್ಕೆ, ದಾರ ಎಳೆಯುವ ಕೈಯೂ ಅದೇ.

ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಇರುವ ಅವಧಿ ಎರಡು ವರ್ಷ. ಅದನ್ನು ಲೆಕ್ಕ ಹಾಕುವುದು ಬೀಜ ಕೊಂಡ ದಿನದಿಂದಲ್ಲ, ದೂರಿಗೆ ಕಾರಣ ಹುಟ್ಟಿದ ದಿನದಿಂದ. ಸೋಯಾ, ಶೇಂಗಾಗಳಲ್ಲಿ ಇದರಿಂದ ಹೆಚ್ಚು ವ್ಯತ್ಯಾಸವಾಗದು, ವಾರದಲ್ಲೇ ಗೊತ್ತಾಗುತ್ತದೆ. ಮೆಣಸಿನಕಾಯಿಯಲ್ಲಿ ಬೇರೆ ತಳಿ ಬೆರೆತದ್ದು ಕಾಯಿ ಬಿಟ್ಟಾಗ ಕಣ್ಣಿಗೆ ಬೀಳುತ್ತದೆ. ನರ್ಸರಿಯಿಂದ ತಂದ ಮಾವು, ತೆಂಗಿನ ಸಸಿಯಲ್ಲಿ ಫಲಕ್ಕೆ ಬರುವವರೆಗೂ ಕಾಯಬೇಕು. ಅಷ್ಟು ವರ್ಷ ಆ ಬಿಲ್ಲನ್ನು ಗೆದ್ದಲು ತಿನ್ನದಂತೆ ಇಡಬೇಕು.